ನೀರಿನ ಬಾಟಲಿಯಿಂದ ಶುರು ಮಾಡಿ

ಓದುಗರ ಪತ್ರ: ಮುಂಬೈಯ ಮುಲುಂಡ್‌ನ ಕಂಪನಿಯೊಂದರ ಎಚ್‌ಆರ್ ವಿಭಾಗದಲ್ಲಿದ್ದೇನೆ. ಸಿಬ್ಬಂದಿಯ ಆರೋಗ್ಯದ ಬಗ್ಗೆ ಪ್ರತಿ ತಿಂಗಳು ಎರಡು ಪುಟದ ವಾರ್ತಾಪತ್ರ ತರುವ ಕೆಲಸ ನನ್ನ ಪಾಲಿಗೆ ಬಂದಿದೆ. ಯೋಗ ದಿನ, ಹೃದಯ ದಿನ, ಗ್ರೀನ್ ಟೀ ಲಾಭಗಳು ಎಲ್ಲ ಬರೆದಾಯಿತು. ಯಾರೂ ಓದುತ್ತಿಲ್ಲ. ಉಪಯೋಗಕ್ಕೆ ಬರುವ ವಿಷಯ ಆರಿಸೋದು ಹೇಗೆ? – ಓದುಗರೊಬ್ಬರು, ಠಾಣೆ

ಪ್ರಿಯ ಸಹೋದರಿ,

ಪತ್ರದ ಜೊತೆ ನೀವು ಕಳಿಸಿದ ಮೂರು ಸಂಚಿಕೆಗಳನ್ನೂ ಓದಿದೆ. ಬರೆದದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ಅದನ್ನು ಮುಲುಂಡ್‌ನಲ್ಲೂ ಹಂಚಬಹುದು, ಮೈಸೂರಿನಲ್ಲೂ ಹಂಚಬಹುದು. ಬೆಳಿಗ್ಗೆ ಲೋಕಲ್ ರೈಲು ಹಿಡಿದು ಓಡಿ ಬರುವ ನಿಮ್ಮ ಆಫೀಸಿನವರು ಅದರಲ್ಲಿ ಎಲ್ಲೂ ಕಾಣಲಿಲ್ಲ.

ಕಳೆದ ವಾರ ಡೊಂಬಿವಲಿಯಿಂದ ಲೇಡೀಸ್ ಡಬ್ಬಾದಲ್ಲಿ ಬರುತ್ತಿದ್ದೆ. ಎದುರಿಗೆ ನಾಲ್ಕನೇ ಸೀಟಿನಲ್ಲಿ ಅರ್ಧ ಕೂತು ಅರ್ಧ ನಿಂತಂತಿದ್ದ ಹುಡುಗಿ ಬ್ಯಾಗಿನಿಂದ ಬಾಟಲಿ ತೆಗೆದಳು. ಬಾಯಿ ಒದ್ದೆಯಾಗುವಷ್ಟು ಕುಡಿದು ಮುಚ್ಚಳ ಹಾಕಿದಳು. ಸೆಖೆ ಅಂದ್ರೆ ಸೆಖೆ. ಪಕ್ಕದವರು "ಇನ್ನೂ ಸ್ವಲ್ಪ ಕುಡಿ" ಅಂದರು. "ಬೇಡ ಆಂಟಿ, ಆಫೀಸು ತಲುಪೋಕೆ ಇನ್ನೂ ಒಂದು ಗಂಟೆ ಇದೆ" ಅಂದಳು. ಯಾಕೆ ಅಂತ ಯಾರೂ ಕೇಳಲಿಲ್ಲ. ಡಬ್ಬಾದಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಸ್ಟೇಷನ್ನಿನ ಶೌಚಾಲಯಕ್ಕೆ ಹೋಗುವ ಹಾಗಿಲ್ಲ, ಅದಕ್ಕೇ ನೀರು ಕುಡಿಯೋದೇ ಇಲ್ಲ. ಹೀಗೆ ವರ್ಷಗಟ್ಟಲೆ ನೀರು ಕಡಿಮೆ ಕುಡಿದು, ಮೂತ್ರ ತಡೆದು ಹಿಡಿದರೆ ಉರಿಮೂತ್ರ, ಸೋಂಕು ಮತ್ತೆ ಮತ್ತೆ ಕಾಡುತ್ತದೆ. ಮೂತ್ರದ ಕಲ್ಲಿನ ಭಯವೂ ಇದೆ.

ನಿಮ್ಮ ಮೊದಲ ವಿಷಯ ಇದೇ ಆಗಲಿ. ಆದರೆ "ಜಾಸ್ತಿ ನೀರು ಕುಡಿಯಿರಿ" ಅಂತ ಬರೆಯುವ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಆಫೀಸಿನ ಹೆಂಗಸರ ಶೌಚಾಲಯಕ್ಕೆ ಮಧ್ಯಾಹ್ನ ಮೂರು ಗಂಟೆಗೆ ಹೋಗಿ ನೋಡಿ. ಚಿಲಕ ಸರಿ ಇದೆಯಾ, ನೀರು ಬರುತ್ತಿದೆಯಾ, ಮುಚ್ಚಳವಿರುವ ಕಸದ ಡಬ್ಬಿ ಇದೆಯಾ? ಇಲ್ಲದಿದ್ದರೆ ಆಡಳಿತ ವಿಭಾಗಕ್ಕೆ ಹೇಳಿ ಸರಿ ಮಾಡಿಸಿ, ಆಮೇಲೆ ಬರೆಯಿರಿ. "ಎರಡನೇ ಮಹಡಿಯ ಚಿಲಕ ರಿಪೇರಿ ಆಗಿದೆ" ಅನ್ನುವ ಒಂದು ಸಾಲು ಇದ್ದರೆ ಜನ ಮುಂದಿನ ಸಾಲನ್ನೂ ನಂಬಿ ಓದುತ್ತಾರೆ. ನಾನು ಹಿಂದೆ ಕೆಲಸ ಮಾಡಿದ ಒಂದು ಆಫೀಸಿನಲ್ಲಿ ಬೆನ್ನುನೋವಿಗೆ ಹತ್ತು ವ್ಯಾಯಾಮದ ಪೋಸ್ಟರ್ ಹಚ್ಚಿದ್ದರು. ಅದರ ಕೆಳಗೇ ಕಾಲು ಮುರಿದ ಕುರ್ಚಿ ಎರಡು ವರ್ಷ ಹಾಗೇ ಇತ್ತು. ಆ ಕುರ್ಚಿಯಲ್ಲಿ ಕೂತು ನಾನು ಸೊಂಟನೋವು ಅನುಭವಿಸಿದವಳು. ಹಾಗಾಗಿ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ.

ಉಳಿದ ವಿಷಯಗಳಿಗೆ ಟೀ ಯಂತ್ರದ ಪಕ್ಕ ಒಂದು ಪೆಟ್ಟಿಗೆ ಇಡಿ. "ಈ ತಿಂಗಳು ಮೈಗೆ, ಮನಸ್ಸಿಗೆ ಏನು ಕಾಟ ಕೊಟ್ಟಿತು?" ಇಷ್ಟೇ ಪ್ರಶ್ನೆ. ಹೆಸರು ಬೇಡ. ಯಾರ ಅಕ್ಷರ ಅಂತ ಹುಡುಕಲೂ ಬೇಡ. ರಜೆಯ ಲೆಕ್ಕ ನಿಮ್ಮ ಕೈಯಲ್ಲೇ ಇದೆ ಅಲ್ವಾ? ಯಾವ ತಿಂಗಳು ಜ್ವರದ ರಜೆ ಜಾಸ್ತಿ ಅಂತ ಬರೀ ಎಣಿಕೆ ನೋಡಿ ಸಾಕು.

ಮುಂಬೈಯಲ್ಲಿ ಅದು ಮಳೆಗಾಲ ಅಂತ ಈಗಲೇ ಹೇಳಬಲ್ಲೆ. 2005ರ ಜುಲೈ 26 ನೆನಪಿದೆಯಾ? ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ. ನೀರು ಇಳಿದ ಮೇಲೆ ಇಲಿಜ್ವರ ಬಂತು, ಆಸ್ಪತ್ರೆಗಳು ತುಂಬಿದವು. ಇಲಿಯ ಮೂತ್ರ ಬೆರೆತ ನೀರಿನಲ್ಲಿ ನಡೆದಾಗ ಕಾಲಿನ ಸಣ್ಣ ಗಾಯದಿಂದಲೂ ಅದು ಒಳಗೆ ಹೋಗುತ್ತದೆ. ಹಾಗಾಗಿ ಜೂನ್ ಸಂಚಿಕೆಯಲ್ಲಿ ಇಷ್ಟು ಹಾಕಿ: ನಿಂತ ನೀರಿನಲ್ಲಿ ನಡೆದು ಬಂದರೆ ಕಾಲನ್ನು ಸೋಪು ಹಚ್ಚಿ ತೊಳೆಯಿರಿ. 72 ಗಂಟೆಯೊಳಗೆ ಡಾಕ್ಟರನ್ನು ಕಂಡು ಇಲಿಜ್ವರ ಬರದಂತೆ ತಡೆಯುವ ಮಾತ್ರೆ ಬೇಕಾ ಅಂತ ಕೇಳಿ. ಅಂಗಡಿಯಿಂದ ಸುಮ್ನೆ ತಂದು ನುಂಗಬೇಡಿ. ಆಮೇಲೆ ಜ್ವರ ಬಂದರೆ, ನೀರಿನಲ್ಲಿ ನಡೆದದ್ದನ್ನು ಡಾಕ್ಟರಿಗೆ ಹೇಳಲು ಮರೆಯಬೇಡಿ. ಅದೇ ಸಂಚಿಕೆಯಲ್ಲಿ ಡೆಂಗಿಯ ಸೊಳ್ಳೆ ಹಗಲಲ್ಲೇ ಕಚ್ಚುತ್ತದೆ ಅಂತ ಒಂದು ಸಾಲು ಇರಲಿ. ಕಿಟಕಿ ಪಕ್ಕದ ಹೂಕುಂಡದ ತಟ್ಟೆಯಲ್ಲಿ ನಿಂತ ನೀರನ್ನು ವಾರಕ್ಕೊಮ್ಮೆಯಾದರೂ ಚೆಲ್ಲಬೇಕು.

ಬಿಪಿ ಬಗ್ಗೆ ಬರೆಯುವುದಾದರೆ, ಅಳೆಯುವುದು ಹೇಗೆ ಅಂತ ಬರೆಯಿರಿ. ಆಫೀಸಿನ ಆರೋಗ್ಯ ಶಿಬಿರದಲ್ಲಿ ಜನ ಕಟಿಂಗ್ ಚಾಯ್ ಕುಡಿದು, ಮೆಟ್ಟಿಲು ಹತ್ತಿ ಬಂದು ಕೈ ಚಾಚುತ್ತಾರೆ. ನಂಬರ್ ಜಾಸ್ತಿ ಬರುತ್ತದೆ, ಹೆದರುತ್ತಾರೆ. ಅರ್ಧ ಗಂಟೆ ಮೊದಲಿನಿಂದ ಚಹಾ ಬೇಡ. ಐದು ನಿಮಿಷ ಸುಮ್ಮನೆ ಕೂತು, ಪಾದ ನೆಲಕ್ಕೆ ಊರಿ, ಬೆನ್ನು ಒರಗಿಸಿ, ಮಾತಾಡದೆ ಅಳೆಸಬೇಕು. 140/90 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಇನ್ನೊಂದು ದಿನ ಮತ್ತೆ ನೋಡಿಸಬೇಕು. ಉಪ್ಪು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಅಂದರೆ ಒಂದು ಟೀ ಚಮಚೆಗೂ ಕಡಿಮೆ. ನಮ್ಮವರ ಡಬ್ಬಿಯ ಉಪ್ಪಿನಕಾಯಿ, ಒಣಮೀನಿನ ಚಟ್ನಿ ಎಲ್ಲ ಆ ಲೆಕ್ಕದಲ್ಲೇ ಸೇರಬೇಕು.

ಇನ್ನು, ನಿಮ್ಮ ವಾರ್ತಾಪತ್ರ ಇ–ಮೇಲ್‌ನಲ್ಲಿ ಹೋಗುತ್ತದೆ ಅಂತ ಬರೆದಿದ್ದೀರಿ. ಹಾಗಾದರೆ ಕಸ ಗುಡಿಸುವ ತಾಯಿಗೆ, ವಾಚ್‌ಮನ್‌ಗೆ, ಚಹಾ ಕೊಡುವ ಹುಡುಗನಿಗೆ ಅದು ತಲುಪುವುದೇ ಇಲ್ಲ. ಒಂದು ಪುಟವನ್ನು ಮರಾಠಿ, ಹಿಂದಿಯಲ್ಲಿ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಮಾಡಿ ಲಿಫ್ಟ್ ಹತ್ತಿರ ಹಚ್ಚಿ. ಅವರಿಗೆ ಬೇಕಾದ ವಿಷಯ ಇಎಸ್‌ಐ. ತಿಂಗಳ ಸಂಬಳ 21,000 ರೂಪಾಯಿಯೊಳಗಿರುವವರಿಗೆ ಇರುವ ವಿಮೆ ಅದು. ಚಿಕಿತ್ಸೆ ಮನೆಯವರಿಗೂ ಸಿಗುತ್ತದೆ. ಕಾಯಿಲೆ ಬಿದ್ದರೆ, ನಿಯಮದ ಪ್ರಕಾರ ಅರ್ಹತೆ ಇದ್ದವರಿಗೆ ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇ. 70ರಷ್ಟು ಹಣವೂ ಬರುತ್ತದೆ. ಎಷ್ಟೋ ಜನರ ಹತ್ತಿರ ನಂಬರ್ ಇರುತ್ತದೆ, ಡಿಸ್ಪೆನ್ಸರಿ ಎಲ್ಲಿದೆ ಅಂತ ಗೊತ್ತಿರುವುದಿಲ್ಲ. ದಾರಿ ಬರೆದು ಕೊಡಿ.

ಪ್ರತಿ ಸಂಚಿಕೆಯ ಕೊನೆಗೆ 14416 ಇರಲಿ. ಟೆಲಿ ಮಾನಸ್ ಅಂತ, 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಸಹಾಯವಾಣಿ. ಹಗಲು ರಾತ್ರಿ, ದುಡ್ಡಿಲ್ಲದೆ, ಮನಸ್ಸಿನ ಕಷ್ಟ ಹೇಳಿಕೊಳ್ಳಬಹುದು. ಊರು ಬಿಟ್ಟು ಬಂದು ಒಂಟಿಯಾಗಿ ರೂಮ್ ಮಾಡಿಕೊಂಡಿರುವ ಹುಡುಗರು ಎಚ್‌ಆರ್ ಹತ್ತಿರ ಇದನ್ನೆಲ್ಲ ಹೇಳುವುದಿಲ್ಲ.

ತೂಕ ಇಳಿಸುವ ಸ್ಪರ್ಧೆ ಬೇಡ. ಗೆದ್ದವರ ಫೋಟೋ, ಕಿಲೋ ಲೆಕ್ಕ ಖಂಡಿತ ಬೇಡ.

ಜೂನ್ ಸಂಚಿಕೆ ತಯಾರಾದಾಗ ನಮಗೂ ಒಂದು ಪ್ರತಿ ಕಳಿಸಿ. ಇಲಿಜ್ವರದ ಆ ಭಾಗವನ್ನು ಕನ್ನಡದಲ್ಲಿ ನಾವೂ ಅಚ್ಚು ಹಾಕುತ್ತೇವೆ. ಹೋಟೆಲಿನ ಅಡುಗೆಮನೆಯಲ್ಲಿ ದಿನವಿಡೀ ಒದ್ದೆ ಕಾಲಲ್ಲಿ ನಿಲ್ಲುವ ನಮ್ಮ ಓದುಗರು ತುಂಬಾ ಜನ ಇದ್ದಾರೆ.

– ಸಂಪಾದಕಿ