ಲೇಸರ್ ಪವರ್ ಏರಿಸಿದರೆ ಫೋಟಾನ್ ಜೋಡಿಗಳು ಬೇಕಾದಷ್ಟು ಸಿಗುತ್ತವಾ?

ಪ್ರಶ್ನೆ: ಸಿಲಿಕಾನ್ ಚಿಪ್ ಮೇಲಿನ ಪುಟ್ಟ ಉಂಗುರಕ್ಕೆ ಲೇಸರ್ ಬೆಳಕು ಬಿಟ್ಟರೆ ಫೋಟಾನ್‌ಗಳು ಜೋಡಿಯಾಗಿ ಹುಟ್ಟುತ್ತವೆ ಎಂದು ಓದಿದೆ. ಬೆಳಕು ಸುಮ್ನೆ ಎರಡಾಗುತ್ತದಾ? ಹಾಗಿದ್ದರೆ ಲೇಸರ್ ಪವರ್ ಜಾಸ್ತಿ ಮಾಡಿ ಬೇಕಾದಷ್ಟು ಜೋಡಿ ಪಡೆಯಬಹುದಲ್ವಾ?
– ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿನಿ, ಧಾರವಾಡ

ಉತ್ತರ: ನಿಮ್ಮ ಎರಡನೆಯ ಪ್ರಶ್ನೆ ತುಂಬಾ ಒಳ್ಳೆಯದು. ಈ ಕೆಲಸ ಮಾಡುವವರ ತಲೆನೋವೆಲ್ಲ ಇರುವುದು ಅಲ್ಲೇ. ಮೊದಲನೆಯದನ್ನು ಬೇಗ ಮುಗಿಸೋಣ.

ಇಲ್ಲಿ ಒಂದು ಫೋಟಾನ್, ಅಂದರೆ ಬೆಳಕಿನ ಕಣ, ಒಡೆದು ಎರಡಾಗುವುದಿಲ್ಲ. ಲೇಸರಿನ ಎರಡು ಫೋಟಾನ್‌ಗಳು ಒಟ್ಟಿಗೆ ಮಾಯವಾಗಿ, ಆ ಜಾಗದಲ್ಲಿ ಬೇರೆ ಎರಡು ಹುಟ್ಟುತ್ತವೆ. ಒಂದರ ಶಕ್ತಿ ಸ್ವಲ್ಪ ಜಾಸ್ತಿ, ಇನ್ನೊಂದರದು ಅಷ್ಟೇ ಕಡಿಮೆ. ಒಟ್ಟು ಲೆಕ್ಕ ಸರಿಹೋಗಲೇಬೇಕು. ಲೇಸರಿನ ತರಂಗಾಂತರ 1550 ನ್ಯಾನೋಮೀಟರ್ ಆಗಿದ್ದು ಒಂದು ಫೋಟಾನ್ 1541ರಲ್ಲಿ ಬಂದರೆ, ಅದರ ಜೊತೆಗಾರ 1559ರ ಹತ್ತಿರ ಇರುತ್ತದೆ. ಇದಕ್ಕೆ ಸ್ಪಾಂಟೇನಿಯಸ್ ಫೋರ್-ವೇವ್ ಮಿಕ್ಸಿಂಗ್ ಎನ್ನುತ್ತಾರೆ. ಜೋಡಿ ಯಾವ ಕ್ಷಣಕ್ಕೆ ಹುಟ್ಟುತ್ತದೆ ಎಂದು ಮೊದಲೇ ಹೇಳಲು ಯಾರಿಗೂ ಆಗದು.

ಬೆಳಕು ಒಂದೇ ಸಲ ಹಾದುಹೋದರೆ ಇದು ತೀರಾ ಅಪರೂಪ. ಅದಕ್ಕೇ ಉಂಗುರ ಬೇಕು. ಸುಮಾರು 500 ನ್ಯಾನೋಮೀಟರ್ ಅಗಲ, 220 ನ್ಯಾನೋಮೀಟರ್ ದಪ್ಪದ ಸಿಲಿಕಾನ್ ಗೆರೆಯನ್ನು 10 ಮೈಕ್ರೋಮೀಟರ್ ತ್ರಿಜ್ಯದಲ್ಲಿ ಬಳಸಿ ಉಂಗುರ ಮಾಡುತ್ತಾರೆ. ಪಕ್ಕದಲ್ಲೇ ಒಂದು ನೇರ ಗೆರೆ. ನಡುವಿನ ಸಂದು ಬರೀ 200 ನ್ಯಾನೋಮೀಟರ್ ಆಸುಪಾಸು. ನೇರ ಗೆರೆಯ ಬೆಳಕು ಆ ಸಂದಿನಲ್ಲಿ ಜಿನುಗಿ ಉಂಗುರ ಸೇರುತ್ತದೆ. ವಿಜಯಪುರದ ಗೋಲಗುಮ್ಮಟದಲ್ಲಿ ಪಿಸುಮಾತು ಗೋಡೆಗುಂಟ ಸುತ್ತುವ ಹಾಗೆ ಇಲ್ಲಿ ಬೆಳಕು ಸುತ್ತುತ್ತದೆ. ಆದರೆ ಎಲ್ಲ ಬಣ್ಣಕ್ಕೂ ಇಲ್ಲಿ ಜಾಗವಿಲ್ಲ. ಒಂದು ಸುತ್ತಿನಲ್ಲಿ ಪೂರ್ಣ ಸಂಖ್ಯೆಯ ಅಲೆಗಳು ಹಿಡಿಯಬೇಕು. ಈ ಅಳತೆಯ ಉಂಗುರದಲ್ಲಿ ಹಾಗೆ ಹೊಂದುವ ಬಣ್ಣಗಳು ಸುಮಾರು 9 ನ್ಯಾನೋಮೀಟರಿಗೊಂದು ಸಿಗುತ್ತವೆ. ನಾನು 1541 ಮತ್ತು 1559 ಎಂದದ್ದು ಇದೇ ಕಾರಣಕ್ಕೆ.

ಬೆಳಕು ಎಷ್ಟು ಹೊತ್ತು ಒಳಗೆ ಉಳಿಯುತ್ತದೆ ಎಂಬುದರ ಅಳತೆ ಕ್ಯೂ ಫ್ಯಾಕ್ಟರ್. ಕ್ಯೂ ಒಂದು ಲಕ್ಷವಿದ್ದರೆ ಫೋಟಾನ್ ಸುಮಾರು 80 ಪಿಕೋಸೆಕೆಂಡ್ ಉಳಿಯುತ್ತದೆ. ಅಷ್ಟರಲ್ಲಿ 90 ಸುತ್ತು ಹಾಕಿರುತ್ತದೆ!

ಈಗ ಪವರ್ ವಿಷಯ. ಪವರ್ ಎರಡು ಪಟ್ಟಾದರೆ ಜೋಡಿಗಳು ನಾಲ್ಕು ಪಟ್ಟಾಗುತ್ತವೆ, ನಿಜ. ಆದರೆ ಒಂದೇ ಹೊತ್ತಿಗೆ ಎರಡು ಜೋಡಿ ಹುಟ್ಟುವುದೂ ಜಾಸ್ತಿಯಾಗುತ್ತದೆ. ಆಗ ಯಾವುದಕ್ಕೆ ಯಾವುದು ಜೊತೆ ಎಂದು ತಿಳಿಯುವುದಿಲ್ಲ. ಕೆಲಸಕ್ಕೆ ಬರುವುದು ಒಂಟಿ ಜೋಡಿ ಮಾತ್ರ. ಅದಕ್ಕೇ ಲೇಸರಿನ ಹೆಚ್ಚಿನ ಪಲ್ಸ್‌ಗಳು (ಬೆಳಕಿನ ಚಿಕ್ಕ ಮಿಡಿತಗಳು) ಜೋಡಿ ಹುಟ್ಟಿಸದೆ ಖಾಲಿ ಹೋಗುವ ಹಾಗೆ ಬೇಕೆಂದೇ ಪವರ್ ತಗ್ಗಿಸಿಡುತ್ತಾರೆ.

ಇನ್ನೊಂದು ತೊಂದರೆ ಸಿಲಿಕಾನ್‌ನದ್ದೇ. 1550ರ ಒಂದು ಫೋಟಾನ್‌ನ ಶಕ್ತಿ 0.8 ಎಲೆಕ್ಟ್ರಾನ್ ವೋಲ್ಟ್. ಸಿಲಿಕಾನ್‌ನ ಬ್ಯಾಂಡ್‌ಗ್ಯಾಪ್, ಅಂದರೆ ಬೆಳಕನ್ನು ಹೀರಲು ಅದಕ್ಕೆ ಬೇಕಾದ ಕನಿಷ್ಠ ಶಕ್ತಿ, 1.12. ಒಂದು ಫೋಟಾನ್ ಹೀರಿಕೆಯಾಗದೆ ದಾಟುತ್ತದೆ, ಎರಡು ಒಟ್ಟಾದರೆ ಸಿಲಿಕಾನ್ ನುಂಗಿಬಿಡುತ್ತದೆ. ಪವರ್ ಏರಿದಂತೆ ಈ ನಷ್ಟವೂ ಏರಿ ಉಂಗುರ ಬಿಸಿಯಾಗುತ್ತದೆ. ಸಿಲಿಕಾನ್ ನೈಟ್ರೈಡ್ ಎಂಬ ಇನ್ನೊಂದು ಚಿಪ್ ವಸ್ತುವಿನಲ್ಲಿ ಈ ಕಾಟವಿಲ್ಲ. ಆದರೆ ಜೋಡಿ ಹುಟ್ಟಿಸುವ ಗುಣವೂ ಅದರಲ್ಲಿ ಸಿಲಿಕಾನ್‌ನ ಹತ್ತನೆಯ ಒಂದು ಭಾಗಕ್ಕಿಂತ ಕಡಿಮೆ.

ಹಾಗಾಗಿ ಪವರ್‌ಗಿಂತ ಕ್ಯೂ ಹೆಚ್ಚಿಸುವುದೇ ಲಾಭ. ಅದೇ ಪವರ್‌ನಲ್ಲಿ ಕ್ಯೂ ಎರಡು ಪಟ್ಟಾದರೆ ಜೋಡಿಗಳು ಎಂಟು ಪಟ್ಟು! ಇದಕ್ಕೂ ಬೆಲೆಯಿದೆ. ಕ್ಯೂ ಒಂದು ಲಕ್ಷವಿದ್ದರೆ ಉಂಗುರ ಒಪ್ಪುವ ಬಣ್ಣದ ಅಗಲ ಕೇವಲ 0.015 ನ್ಯಾನೋಮೀಟರ್. ಒಂದು ಡಿಗ್ರಿ ಬಿಸಿಯಾದರೆ ಆ ಬಣ್ಣ 0.07ರಷ್ಟು ಸರಿಯುತ್ತದೆ. ಅಂದರೆ ಕಾಲು ಡಿಗ್ರಿ ಹೆಚ್ಚುಕಮ್ಮಿಯಾದರೂ ಲೇಸರ್ ಹೊರಗೆ ಬಿತ್ತು. ಉಂಗುರದ ಮೇಲೆ ಲೋಹದ ಪುಟ್ಟ ಹೀಟರ್ ಕೂರಿಸಿ ಸದಾ ಹೊಂದಿಸುತ್ತಿರಬೇಕು.

ಹುಟ್ಟಿದ ಜೋಡಿಯನ್ನು ಹಿಡಿಯುವುದು ಇನ್ನೂ ಕಷ್ಟ. ಒಂದು ಮಿಲಿವ್ಯಾಟ್ ಲೇಸರಿನಲ್ಲಿ ಸೆಕೆಂಡಿಗೆ ಸುಮಾರು 78 ಕೋಟಿ ಕೋಟಿ ಫೋಟಾನ್‌ಗಳಿರುತ್ತವೆ. ಜೋಡಿಗಳು ಲಕ್ಷಗಳಲ್ಲಿ, ಚೆನ್ನಾದ ಉಂಗುರದಲ್ಲಿ ಕೋಟಿಯ ಹತ್ತಿರ. ಲೇಸರ್ ಬೆಳಕನ್ನು ಸಾವಿರ ಕೋಟಿ ಪಟ್ಟು, ಅಂದರೆ 100 ಡೆಸಿಬೆಲ್, ತಗ್ಗಿಸುವ ಫಿಲ್ಟರ್ ಬೇಕು. ಒಂದು ವಿಷಯದಲ್ಲಿ ಮಾತ್ರ ಸಿಲಿಕಾನ್ ನಮಗೆ ಉಪಕಾರ ಮಾಡಿದೆ. 1928ರಲ್ಲಿ ಸಿ.ವಿ. ರಾಮನ್ ಕಂಡ ಬೆಳಕಿನ ಚದುರುವಿಕೆ ಗಾಜಿನ ಫೈಬರ್‌ನಲ್ಲಿ ಹಲವು ಬಣ್ಣಗಳಿಗೆ ಅಗಲವಾಗಿ ಹರಡಿ ಜೋಡಿಗಳ ನಡುವೆ ಗದ್ದಲ ಎಬ್ಬಿಸುತ್ತದೆ. ಸಿಲಿಕಾನ್ ಹರಳಿನಲ್ಲಿ ಅದು ಲೇಸರಿನ ಆವರ್ತನದಿಂದ 15.6 ಟೆರಾಹರ್ಟ್ಸ್ ದೂರದ ಕಿರಿದಾದ ಬಣ್ಣಪಟ್ಟಿ ಮಾತ್ರ. ಅದನ್ನು ತಪ್ಪಿಸುವುದು ಸುಲಭ.

ಕೊನೆಗೆ, ಮೈನಸ್ 270 ಡಿಗ್ರಿ ಆಸುಪಾಸು ತಣಿಸಿದ ಸೂಪರ್‌ಕಂಡಕ್ಟಿಂಗ್ ಡಿಟೆಕ್ಟರ್ ಎರಡು ಬೇಕು. ಎರಡೂ ಒಂದೇ ಹೊತ್ತಿಗೆ ಮಿಡಿದರೆ ಜೋಡಿ ಬಂತು ಎಂದರ್ಥ. ಒಂದೊಂದು ದಾರಿಯಲ್ಲಿ ನೂರಕ್ಕೆ ಹತ್ತು ಫೋಟಾನ್ ಮಾತ್ರ ಉಳಿದರೆ, ನೂರು ಜೋಡಿಯಲ್ಲಿ ಪೂರ್ತಿಯಾಗಿ ಕೈಗೆ ಸಿಗುವುದು ಒಂದೇ. ಹಾಗಾಗಿ ಈ ಬಗ್ಗೆ ಸಂಶೋಧನಾ ಲೇಖನ ಓದುವಾಗ ಸೆಕೆಂಡಿಗೆ ಎಷ್ಟು ಜೋಡಿ ಎಂಬುದನ್ನಷ್ಟೇ ನೋಡಬೇಡಿ. ನಿಜವಾದ ಜೋಡಿಗೂ ಆಕಸ್ಮಿಕವಾಗಿ ಒಟ್ಟಿಗೆ ಬಂದವಕ್ಕೂ ಇರುವ ಅನುಪಾತ ಎಷ್ಟು, ಚಿಪ್‌ನಿಂದ ಫೈಬರ್‌ಗೆ ದಾಟುವಾಗ ಎಷ್ಟು ಸೋರಿತು ಎಂಬುದನ್ನೂ ಹುಡುಕಿ ನೋಡಿ.