ಡಿವೋರ್ಸ್ ಆದ್ಮೇಲೆ ಮಗು ಭೇಟಿ ಮಾಡೋ ದಿನ ಬದಲಾಯಿಸ್ಬಹುದಾ?

ಬದಲಾಯಿಸ್ಬಹುದು ಸರ್. ಮ್ಯೂಚುವಲ್‌ನಲ್ಲಿ, ಅಂದ್ರೆ ಇಬ್ರೂ ಒಪ್ಪಿ ತಗೊಳ್ಳೋ ಡಿವೋರ್ಸಲ್ಲಿ, ಸೈನ್ ಹಾಕಿದ್ಮೇಲೆ ಮುಗೀತು ಅಂತ ನಿಮ್ಮ ಫ್ರೆಂಡ್ ಹೇಳಿದ್ದು ಸರಿಯಲ್ಲ. ನೀವು ಬರ್ದಿರೋ ಪ್ರಕಾರ ಡಿಕ್ರೀಲಿ, ಅಂದ್ರೆ ಕೋರ್ಟಿನ ಡಿವೋರ್ಸ್ ತೀರ್ಪಲ್ಲಿ, ಪ್ರತಿ ಭಾನುವಾರ 10ರಿಂದ 5 ಅಂತಿದೆ, ಈಗ ಮಗಳ ಅಮ್ಮಂಗೆ ಹುಬ್ಬಳ್ಳಿಗೆ ಟ್ರಾನ್ಸ್‌ಫರ್ ಆಗಿದೆ, ನೀವು ಬೆಂಗಳೂರಲ್ಲೇ ಇದೀರ, ಹೋದ ತಿಂಗಳಿಂದ ಮಗು ಮುಖ ನೋಡಿಲ್ಲ, ಮೇಂಟೆನೆನ್ಸ್ ನಿಲ್ಲಿಸ್ಲಾ ಅಂತ ಕೇಳಿದೀರ. ನಾನೂ ನಿಮ್ಮ ಮಗಳ ಅಮ್ಮನ ಥರದ ಜಾಗದಲ್ಲಿರೋಳು, ಡಿವೋರ್ಸ್ ಆದ್ಮೇಲೆ ಕೆಲಸದ ಸಲುವಾಗಿ ಮಗನ್ನ ಕರ್ಕೊಂಡು ಬೆಂಗಳೂರಿಂದ ಶಿವಮೊಗ್ಗಕ್ಕೆ ಬಂದೋಳು, ಅದಕ್ಕೇ ಉತ್ತರ ಬರೀತಿದೀನಿ.

ಮೊದಲು ದುಡ್ಡಿನ ವಿಷಯ. ದಯವಿಟ್ಟು ನಿಲ್ಲಿಸ್ಬೇಡಿ. ಅದು ಮಗು ಊಟಕ್ಕೆ, ಸ್ಕೂಲ್ ಫೀಸಿಗೆ ಹೋಗೋ ದುಡ್ಡು, ಕೋರ್ಟು ಅದನ್ನ ಭೇಟಿ ಜೊತೆ ಗಂಟು ಹಾಕಲ್ಲ, ನಿಲ್ಲಿಸಿದ ತಿಂಗಳಿಂದ ಬಾಕಿ ಬೆಳೀತಾ ಹೋಗುತ್ತೆ, ನಾಳೆ ನಿಮ್ಮ ಅರ್ಜಿ ವಿಚಾರಣೆಗೆ ಬಂದಾಗ ಎದುರು ವಕೀಲರು ಮೊದಲು ಎತ್ತೋದೇ ಆ ಬಾಕಿ. ಅವರಿಗೂ ಅಷ್ಟೇ, ದುಡ್ಡು ಬಂದಿಲ್ಲ ಅಂತ ಮಗು ತೋರಿಸದೇ ಇರೋ ಹಾಗಿಲ್ಲ.

ಇನ್ನು ಕಾನೂನು. 1955ರ ಹಿಂದೂ ವಿವಾಹ ಕಾಯ್ದೆಯ 26ನೇ ಸೆಕ್ಷನ್ ಇರೋದೇ ಇದಕ್ಕೆ, ಡಿಕ್ರೀ ಆದ್ಮೇಲೂ ಅರ್ಜಿ ಹಾಕಿ ಮಗು ಕಸ್ಟಡಿ, ಓದು, ಖರ್ಚಿನ ಆರ್ಡರ್ ತಿದ್ದಿಸ್ಕೋಬಹುದು. ಸ್ಪೆಷಲ್ ಮ್ಯಾರೇಜ್ ಆಕ್ಟಲ್ಲಿ ಮದ್ವೆ ಆಗಿದ್ರೆ 38ನೇ ಸೆಕ್ಷನ್. 2010ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಹೆಚ್ಚುಕಮ್ಮಿ ನಿಮ್ಮಂಥದ್ದೇ ಕೇಸು ಬಂದಿತ್ತು, ಮ್ಯೂಚುವಲ್ ಡಿಕ್ರೀ ಆಗಿತ್ತು, ತಾಯಿ ಕೆಲಸಕ್ಕೆ ಅಂತ ಆಸ್ಟ್ರೇಲಿಯಾಕ್ಕೆ ಹೊರಟಿದ್ರು, ತಂದೆ ಒಪ್ಪಂದ ಆಗೋಗಿದೆ ಬದಲಾಯಿಸಂಗಿಲ್ಲ ಅಂದ್ರು. ಕೋರ್ಟು, ಕಸ್ಟಡಿ ಆರ್ಡರ್ ಯಾವತ್ತೂ ಕೊನೇದಲ್ಲ, ಮಗು ಹಿತ ನೋಡ್ಕೊಂಡು ಬದಲಾಯಿಸ್ಬಹುದು ಅಂತ ಹೇಳಿ ತಾಯಿಗೆ ಕರ್ಕೊಂಡು ಹೋಗಕ್ಕೆ ಬಿಡ್ತು. ಇದನ್ನ ಓದಿ ನಿಮಗೆ ಬೇಜಾರಾಗ್ಬಹುದು, ಆದ್ರೆ ಅದೇ ಮಾತಿನ ಮೇಲೆ ನೀವೂ ಹೊಸ ವ್ಯವಸ್ಥೆ ಕೇಳ್ಬಹುದು.

ಹಾಗಾಗಿ ನನ್ನ ಅಭಿಪ್ರಾಯ ಏನಂದ್ರೆ, ಟ್ರಾನ್ಸ್‌ಫರ್ ತಪ್ಪು ಅಂತ ಜಗಳಕ್ಕೆ ನಿಲ್ಬೇಡಿ, ಭಾನುವಾರದ ಬದಲು ನಿಮಗೆ ಏನು ಬೇಕು ಅಂತ ಕೇಳಿ. 400 ಕಿಲೋಮೀಟರ್ ದೂರದಲ್ಲಿ ವಾರಕ್ಕೆ ಏಳು ಗಂಟೆ ಭೇಟಿ ಯಾರ ಕೈಲೂ ನಡೆಯಲ್ಲ, ಮೂರನೇ ಕ್ಲಾಸ್ ಮಗೂನ ವಾರವಾರ ರಾತ್ರಿ ಟ್ರೈನಲ್ಲಿ ಓಡಾಡಿಸಕ್ಕಾಗಲ್ಲ. ದಿನ ಕಮ್ಮಿ ಆದ್ರೂ ಪರವಾಗಿಲ್ಲ, ರಾತ್ರಿ ಉಳ್ಕೊಳ್ಳೋ ಹಾಗೆ ಕೇಳಿ. ನಿಮ್ಮನೇಲಿ ಮಲ್ಗಿ ಎದ್ದು ಹಲ್ಲುಜ್ಜಿ ನಿಮ್ಮ ಕೈಲಿ ಜಡೆ ಹಾಕಿಸ್ಕೊಂಡ್ರೆ ಅದು ಅವಳಿಗೂ ಮನೆ ಅನ್ಸುತ್ತೆ, ಮಾಲಲ್ಲಿ ಏಳು ಗಂಟೆ ಸುತ್ತಿದ್ರೆ ಅನ್ಸಲ್ಲ.

ನಮ್ಮದು ಬೆಂಗಳೂರಿನ ಫ್ಯಾಮಿಲಿ ಕೋರ್ಟು ಇರೋ ಸಿದ್ದಯ್ಯ ರೋಡಿನ ನ್ಯಾಯ ದೇಗುಲದಲ್ಲಿ ಮೀಡಿಯೇಶನ್‌ನಲ್ಲಿ, ಅಂದ್ರೆ ಮಧ್ಯಸ್ಥರ ಮುಂದೆ ಕೂತು ಮಾತಾಡಿ, ಇತ್ಯರ್ಥ ಆಯ್ತು. ತಿಂಗಳಲ್ಲಿ ಒಂದು ಶನಿವಾರ ಭಾನುವಾರ ಮಗನ ಅಪ್ಪ ಶಿವಮೊಗ್ಗಕ್ಕೆ ಬರೋದು, ದಸರಾ ರಜೆ ಬೇಸಿಗೆ ರಜೆ ಎರಡರಲ್ಲೂ ಅರ್ಧರ್ಧ ಮಗ ಬೆಂಗಳೂರಲ್ಲಿರೋದು, ಗಣೇಶನ ಹಬ್ಬ ಒಂದು ವರ್ಷ ಇಲ್ಲಿ ಒಂದು ವರ್ಷ ಅಲ್ಲಿ. ದಿನಗಳಿಗೆ ಬೇಗ ಒಪ್ಪಿದ್ವಿ. ಎಳೆದಾಡಿದ್ದು ಸಣ್ಣಸಣ್ಣದಕ್ಕೆ, ಕರ್ಕೊಂಡು ಹೋಗೋರು ಯಾರು, ಟಿಕೆಟ್ ಯಾರ್ದು, ಜ್ವರ ಬಂದು ಒಂದು ಭೇಟಿ ತಪ್ಪಿದ್ರೆ ಮುಂದಿನ ವಾರ ಕೊಡ್ಬೇಕಾ, ಅಜ್ಜಿ ಬಂದು ಕರ್ಕೊಂಡು ಹೋಗ್ಬಹುದಾ ಇಂಥದ್ದಕ್ಕೆ. ಇದನ್ನೆಲ್ಲ ಇಬ್ರೂ ಸೈನ್ ಹಾಕಿ ಕೋರ್ಟಿಗೆ ಕೊಡೋ ಜಾಯಿಂಟ್ ಮೆಮೊದಲ್ಲಿ ಬರೆಸಿ. ನನ್ನ ಮಗನಿಗೆ ವೀಸಿಂಗ್ ಇದೆ, ಬ್ಯಾಗಿನ ಮುಂದಿನ ಜಿಪ್ಪಲ್ಲಿ ಇನ್‌ಹೇಲರ್, ಡಾಕ್ಟರ್ ಚೀಟಿ ಇಟ್ಟು ಕಳಿಸ್ತೀನಿ, ಅವರು ಯಾವತ್ತು ಎಷ್ಟು ಪಫ್ ಕೊಟ್ರು ಅಂತ ಬರ್ದು ಅದೇ ಜಿಪ್ಪಲ್ಲಿ ವಾಪಸ್ ಇಡ್ತಾರೆ. ನಾವಿಬ್ರೂ ಮಾತಾಡೋದು ಬಹಳ ಕಮ್ಮಿ, ಆದ್ರೂ ಇಷ್ಟು ಮಾತ್ರ ತಪ್ಪಿಲ್ಲ.

ಒಂದು ಮುಖ್ಯ, ನೀವಿಬ್ರೂ ವಾಟ್ಸಾಪಲ್ಲಿ ಓಕೆ ಅಂದ್ಕೊಂಡ್ರೆ ಸಾಲ್ದು. ಕೋರ್ಟು ಆರ್ಡರ್ ಮಾಡೋವರೆಗೂ ಹಳೇ ಡಿಕ್ರೀನೇ ಜಾರೀಲಿರುತ್ತೆ. ಆರ್ಡರ್ ಆಗಿದ್ರೆ ಯಾರಾದ್ರೂ ಮುರಿದಾಗ ಎಕ್ಸಿಕ್ಯೂಷನ್, ಅಂದ್ರೆ ಆರ್ಡರ್ ಜಾರಿ ಮಾಡ್ಸಿ ಅಂತ ಅರ್ಜಿ, ಹಾಕ್ಬಹುದು. 26ನೇ ಸೆಕ್ಷನ್ ಅರ್ಜಿ ಡಿಕ್ರೀ ಕೊಟ್ಟ ಕೋರ್ಟಿಗೇ ಹೋಗುತ್ತೆ, ಮಕ್ಕಳ ಪೋಷಕತ್ವದ ಬಗ್ಗೆ ಇರೋ 1890ರ ಗಾರ್ಡಿಯನ್ಸ್ ಆಂಡ್ ವಾರ್ಡ್ಸ್ ಆಕ್ಟಲ್ಲಿ ಹೊಸದಾಗಿ ಹಾಕಿದ್ರೆ ಮಗು ವಾಸ ಇರೋ ಊರಿಗೆ, ಅಂದ್ರೆ ನೀವೇ ವಾಯಿದೆಗೆ ಹುಬ್ಬಳ್ಳಿಗೆ ಓಡಾಡ್ಬೇಕಾಗುತ್ತೆ. ವಕೀಲರ ಹತ್ರ ಇದನ್ನ ಮೊದಲೇ ಮಾತಾಡಿ. ಜಡ್ಜು ಮಗೂನ ಛೇಂಬರಿಗೆ ಕರ್ದು ಮಾತಾಡಿಸ್ಬಹುದು, ದೇವ್ರಾಣೆ ಹೀಗೆ ಹೇಳು ಹಾಗೆ ಹೇಳು ಅಂತ ಅವಳಿಗೆ ಕಲಿಸ್ಬೇಡಿ, ಆ ವಯಸ್ಸಿನ ಮಗು ಮೇಲೆ ಅದು ಬಹಳ ದೊಡ್ಡ ಭಾರ.

ಆರ್ಡರ್ ಆಗೋವರೆಗೂ ಫೋನ್ ಬಿಡ್ಬೇಡಿ. ಕಸ್ಟಡಿ ಇಲ್ಲದ ತಂದೆ ಅಥವಾ ತಾಯಿಗೆ ದಿನಾ 5-10 ನಿಮಿಷ ಆದ್ರೂ ಮಗು ಜೊತೆ ಮಾತಾಡೋ ಹಕ್ಕಿರ್ಬೇಕು ಅಂತ 2020ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಈ ವಾರವೇ ಮಗಳ ಅಮ್ಮಂಗೆ ಒಂದು ಮೆಸೇಜ್ ಹಾಕಿ, ಹಳೇದು ಯಾವುದೂ ಎತ್ತದೆ, ಹೊಸ ಸ್ಕೂಲಿನ ರಜೆ ಪಟ್ಟಿ ಕಳ್ಸಿ, ಸಂಜೆ ಎಷ್ಟೊತ್ತಿಗೆ ವಿಡಿಯೋ ಕಾಲ್ ಮಾಡ್ಲಿ ಅಂತ ಕೇಳಿ, ನೀವು ಯಾವ ಶನಿವಾರ ಬರ್ತೀರ ಅಂತಾನೂ ಬರೀರಿ. ಒಪ್ಪಿದ್ರೆ ಅದನ್ನೇ ಮೆಮೊ ಮಾಡ್ಸಿ, ಒಪ್ಪದಿದ್ರೆ ಆ ಮೆಸೇಜಿನ ಪ್ರಿಂಟ್ ಅರ್ಜಿ ಜೊತೆ ಹೋಗ್ಲಿ.