ಅಮ್ಮನ ರಿಪೋರ್ಟಿನಲ್ಲಿ ಹರ್-2 ‘2+’ ಅಂತ ಬಂದಿದೆ, ಇನ್ನೊಂದು ಟೆಸ್ಟ್ ಬೇಕಾ?

ಖಂಡಿತ ಬೇಕು, ಮಾಡಿಸಿ. ನಿಮ್ಮ ಅಮ್ಮನ ಸ್ತನ ಕ್ಯಾನ್ಸರ್ ಬಯಾಪ್ಸಿಯಲ್ಲಿ ಇಆರ್ 90%, ಪಿಆರ್ 60%, ಹರ್-2 2+, ಕಿ-67 25% ಬಂದಿದೆ, ಅಮ್ಮ ಉಳಿಯುತ್ತಾರಾ ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ, ಪೆಥಾಲಜಿ ಲ್ಯಾಬಿನಲ್ಲಿ ಇಂಥ ಸ್ಲೈಡುಗಳಿಗೆ ಬಣ್ಣ ಹಾಕುವ ಟೆಕ್ನಿಷಿಯನ್. ನೀವು ಹೇಳಿದ ಅಂಕಿಗಳು ಹುಟ್ಟುವುದು ಇಲ್ಲೇ. ಇಆರ್, ಪಿಆರ್ ಅಂದರೆ ಹಾರ್ಮೋನನ್ನು ಹಿಡಿಯುವ ಪ್ರೋಟೀನುಗಳು, ಹರ್-2 ಕೋಶಕ್ಕೆ ಬೆಳೆ ಅಂತ ಹೇಳುವ ಪ್ರೋಟೀನ್, ಕಿ-67 ಎಷ್ಟು ಕೋಶ ಒಡೆದು ಹೆಚ್ಚುತ್ತಿವೆ ಅನ್ನೋ ಲೆಕ್ಕ.

ಮೇಣದಲ್ಲಿ ಕೂರಿಸಿದ ಗಂಟಿನ ಚೂರನ್ನು ಕೂದಲಿಗಿಂತ ಎಷ್ಟೋ ತೆಳ್ಳಗೆ ಕೊಯ್ದು ಗಾಜಿನ ಮೇಲೆ ಹರಡುತ್ತೇವೆ. ಬೇಕಾದ ಪ್ರೋಟೀನಿಗೆ ಮಾತ್ರ ಅಂಟುವ ಆಂಟಿಬಾಡಿ ಹಾಕುತ್ತೇವೆ. ಪ್ರೋಟೀನ್ ಇದ್ದ ಕಡೆ ಕಂದು ಬಣ್ಣ ಏಳುತ್ತದೆ. ಹರ್-2 ಬಣ್ಣ ಹಿಡಿಯುವುದು ಜೀವಕೋಶದ ಅಂಚಿನಲ್ಲಿ. 3+ ಆದರೆ ಕೋಳಿಗೂಡಿನ ಜಾಲರಿಯ ಹಾಗೆ ದಟ್ಟ ಗೆರೆ ಕಾಣುತ್ತದೆ. 2+ ಅಂದರೆ ಗೆರೆ ಇದೆ, ಆದರೆ ಮಸುಕು. ಹೌದು ಅನ್ನೋಕೂ ಆಗಲ್ಲ, ಇಲ್ಲ ಅನ್ನೋಕೂ ಆಗಲ್ಲ. ಅದಕ್ಕೇ ಫಿಶ್ ಟೆಸ್ಟ್. ಕೋಶದೊಳಗೆ ಹರ್-2 ಜೀನ್ ಎಷ್ಟು ಪ್ರತಿ ಇದೆ ಅಂತ ಅದರಲ್ಲಿ ಎಣಿಸುತ್ತಾರೆ.

ಫಿಶ್ ಪಾಸಿಟಿವ್, ಅಂದರೆ ಪ್ರತಿ ಜಾಸ್ತಿ ಇದೆ ಅಂತ ಬಂದರೆ ಎದೆಗುಂದಬೇಡಿ. ಈ ಜೀನ್ ಜಾಸ್ತಿ ಇದ್ದವರಲ್ಲಿ ಕಾಯಿಲೆ ಬೇಗ ಮರುಕಳಿಸುತ್ತದೆ ಅಂತ ಅಮೆರಿಕದ ಡೆನಿಸ್ ಸ್ಲಾಮನ್ ತಂಡ 1987ರಲ್ಲೇ ತೋರಿಸಿತ್ತು. ಆಗ ಅದು ಕೆಟ್ಟ ಸುದ್ದಿಯೇ. 1998ರಲ್ಲಿ ಆ ಪ್ರೋಟೀನನ್ನೇ ಹಿಡಿಯುವ ಟ್ರಾಸ್ಟುಜುಮ್ಯಾಬ್ ಅನ್ನೋ ಔಷಧ ಅಲ್ಲಿ ಬಂತು. 2014ರಲ್ಲಿ ನಮ್ಮ ಬೆಂಗಳೂರಿನ ಬಯೋಕಾನ್ ಕಂಪನಿ ಅದೇ ಬಗೆಯದನ್ನು ಕಡಿಮೆ ಬೆಲೆಗೆ ಇಲ್ಲಿ ತಂದಿತು. ಕಾಯಿಲೆ ಅದೇ, ಆದರೆ ಈಗ ಅದಕ್ಕೆ ಮದ್ದಿದೆ.

ಇಆರ್ 90% ಒಳ್ಳೆಯದು, ಹಾರ್ಮೋನ್ ಮಾತ್ರೆ (ಹಾರ್ಮೋನನ್ನು ತಡೆಯುವ ಮಾತ್ರೆ) ಕೆಲಸ ಮಾಡುವ ಸಾಧ್ಯತೆ ಜಾಸ್ತಿ. ಆದರೆ ಈ ಬಗೆಯದು ಐದು ವರ್ಷ ದಾಟಿದ ಮೇಲೂ ಮರುಕಳಿಸಬಹುದು. ಆರಾಮಾಗಿದ್ದೀನಿ ಅಂತ ಅಮ್ಮ ಮಾತ್ರೆ ಬಿಡದ ಹಾಗೆ ನೋಡಿಕೊಳ್ಳಿ. ಕಿ-67 25% ನೋಡಿ ಸುಮ್ನೆ ನಿದ್ದೆ ಕೆಡಿಸಿಕೊಳ್ಳಬೇಡಿ. 5ರೊಳಗೆ ಅಥವಾ 30ರ ಮೇಲೆ ಬಂದರೆ ಆ ಅಂಕಿಯನ್ನು ನೆಚ್ಚಬಹುದು. ನಡುವಿನದನ್ನು ಇಬ್ಬರು ಡಾಕ್ಟರು ಎಣಿಸಿದರೆ ಎರಡು ಲೆಕ್ಕ ಬರುತ್ತದೆ. ಉಳಿಯುವ ಪ್ರಶ್ನೆಗೆ ಇವಿಷ್ಟೇ ಸಾಲದು. ಗಂಟಿನ ಗಾತ್ರ, ಗ್ರೇಡ್ (ಕೋಶಗಳು ಎಷ್ಟು ವಿಕಾರವಾಗಿ ಕಾಣುತ್ತವೆ ಅನ್ನೋದು), ಕಂಕುಳಿನ ಲಿಂಫ್ ಗ್ರಂಥಿಗಳಿಗೆ ಹರಡಿದೆಯಾ ಅನ್ನೋದೂ ಬೇಕು.

ಒಂದು ಮಾತು ಮಾತ್ರ ಒತ್ತಿ ಹೇಳುತ್ತೇನೆ. ಒಮ್ಮೆ ಒಂದು ನರ್ಸಿಂಗ್ ಹೋಮಿನಿಂದ ಆಪರೇಷನ್ ಮಾಡಿ ತೆಗೆದ ಗಂಟು ಇಡೀ ರಾತ್ರಿ ಸಲೈನಿನಲ್ಲಿದ್ದು ನಮ್ಮಲ್ಲಿಗೆ ಬಂತು. ಇಆರ್ ಸೊನ್ನೆ. ನಮ್ಮ ಮೇಡಂಗೆ ಅನುಮಾನ ಬಂತು. ಅದೇ ಸ್ಲೈಡಿನಲ್ಲಿದ್ದ ಆರೋಗ್ಯವಂತ ಹಾಲಿನ ನಾಳಗಳಿಗೂ ಬಣ್ಣ ಹತ್ತಿರಲಿಲ್ಲ, ಅವುಗಳಿಗೆ ಹತ್ತಲೇಬೇಕು. ಹಳೇ ಬಯಾಪ್ಸಿಯ ಬ್ಲಾಕ್ (ಮೇಣದಲ್ಲಿ ಕೂರಿಸಿದ ಚೂರು) ತರಿಸಿ ಮತ್ತೆ ಹಾಕಿದೆವು. ತುಂಬಾ ಕಂದು! ಸುಮ್ಮನಿದ್ದಿದ್ದರೆ ಆ ತಾಯಿಗೆ ಹಾರ್ಮೋನ್ ಮಾತ್ರೆಯೇ ಸಿಗುತ್ತಿರಲಿಲ್ಲ. ನಿಮ್ಮ ಅಮ್ಮನ ಆಪರೇಷನ್ ಇನ್ನೂ ಆಗಿಲ್ಲ ಅಲ್ವಾ? ತೆಗೆದ ಗಂಟು ಒಂದು ಗಂಟೆಯೊಳಗೆ, ಅದನ್ನು ಕೆಡದಂತೆ ಕಾಪಾಡುವ ಫಾರ್ಮಲಿನ್ ದ್ರವಕ್ಕೆ ಬೀಳುತ್ತಾ ಅಂತ ಸಂಕೋಚವಿಲ್ಲದೆ ಕೇಳಿ.

ಬಯಾಪ್ಸಿ ಬ್ಲಾಕ್ ಯಾವ ಲ್ಯಾಬಿನಲ್ಲಿದೆ ಅಂತಾನೂ ನಾಳೆಯೇ ವಿಚಾರಿಸಿ. ಫಿಶ್‌ಗೆ ಸಾಮಾನ್ಯವಾಗಿ ಅದೇ ಸಾಕು, ಅಮ್ಮನಿಗೆ ಮತ್ತೆ ಸೂಜಿ ಚುಚ್ಚಬೇಕಾಗಿಲ್ಲ.